ಅಜ್ಜನ ವರ್ಷದ ದಿನ
ಅಜ್ಜ ಹೋಗಿ ಇವತ್ತಿಗೆ ವರ್ಷಾತು, ಮನಿ ತುಂಬ ಮಂದಿ, ಅಡಗಿಮನ್ಯಾಗ ಹೋಳಗಿ ನಡದೈತಿ. ನನಗ ಮಾತ್ರ ಬ್ಯಾಡಗಿ ಮೆಣಸಿನಕಾಯಿ ಪ್ಯಾಟಿನ ನೆನಪಾಗಾಕತ್ತೈತಿ. ನನ್ನ ಕರಕೊಂಡು ಹೋದಾಗೆಲ್ಲಾ ಚೀಲದಾಗ ಮೊಣಕೈತನಕ ಕೈ ಹಾಕಿ ತಳದಾಗಿನ ಕಾಯಿನ ತಗೀತಿದ್ದ, ಮ್ಯಾಲಿನ್ವು ಎಲ್ಲಾರೂ ಚೊಲೋವ ಇಟ್ಟಿರ್ತಾರಲೇ ತಮ್ಮಾ ಅಂತ. ಮುರದು ಮೂಸಿ, ಬೀಜ ಎಷ್ಟೈತಿ ನೋಡಿ, ಆಮ್ಯಾಲ ಕಿವಿ ಹತ್ರ ಹಿಡದು ಅಲುಗಾಡಿಸಿ, ಒಣಗೇತೋ ಇಲ್ಲೋ ಸಪ್ಪಳದಾಗ ಗೊತ್ತಾಗ್ತಿತ್ತಂತ! ಬ್ಯಾಡಗಿ ಕಾಯಾಗ ಎರಡು ಜಾತಿ, ಡಬ್ಬಿ ಅಂದ್ರ ದಪ್ಪಂದು, ಬೀಜ ಜಾಸ್ತಿ, ಕಡ್ಡಿ ಅಂದ್ರ ಉದ್ದ ಸಣ್ಣಂದು, ಎರಡೂ ಬಣ್ಣ ಜಾಸ್ತಿ ಖಾರ ಕಮ್ಮಿ, ಇದೆಲ್ಲಾ ಸಾಲಿಗಿಂತ ಮೊದ್ಲ ಅಜ್ಜನ ಹತ್ರ ಕಲ್ತಿದ್ದು. 2011ರಾಗ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಟ್ಯಾಗ್, ಅಂದ್ರ ಇದು ಈ ಭಾಗದ್ದ ಅನ್ನೋ ಸರ್ಕಾರಿ ಗುರುತು, ಸಿಕ್ಕಾಗ ಪೇಪರ್ ಓದಿ ಹೇಳಿದ್ರ, ಅದರಿಂದ ರೇಟ್ ಏರತೈತೇನು ಅಂದಿದ್ದ, ಅಷ್ಟ!

ಸಿಟ್ಟು ಬಾಳ ಇತ್ತಪಾ, ಸುಳ್ಳ ಯಾಕ ಹೇಳ್ಲಿ, ಅಪ್ಪ ಕಾಕಾ ಎಲ್ಲಾರೂ ಅಂಜತಿದ್ರು, ಲೆಕ್ಕದಾಗ ಒಂದು ರೂಪಾಯಿ ಹೆಚ್ಚುಕಮ್ಮಿ ಆದ್ರ ಮನಿ ಮಂದಿಗೆಲ್ಲಾ ಬೈಗುಳ. ಆದ್ರ ಆಳುಮಕ್ಕಳ ಪಗಾರ ಕೊಡದ ಊಟಕ್ಕ ಕುಂತಾವ ಅಲ್ಲ. ಈಗ ಕಾಕಾ ಮೊಬೈಲ್‌ದಾಗ ರೇಟ್ ನೋಡಿ ಮಾಲ ಕಳಸ್ತಾನ, ಚೊಲೋನ ಆತು ಬಿಡ್ರಿ, ನಂದೇನ್ ತಕರಾರಿಲ್ಲ. ಹತ್ರ ಇದ್ದಾವ್ರು ಸಂಜಿಮುಂದ ಬರ್ರಿ, ಹೋಳಗಿ ಬೇಕಾದಷ್ಟು ಮಾಡೇವಿ.