ನಿಲ್ಲಿಸಿದ್ದ ಬೈಕಿಗೆ ಪೆಟ್ಟಾದರೆ ಕ್ಲೇಮ್ ಮಾಡಬೇಕೇ, ಬಿಡಬೇಕೇ? ವರ್ಕ್‌ಶಾಪಿನಲ್ಲಿ ನಾನು ಕಲಿತ ಲೆಕ್ಕ

ಶಿವಮೊಗ್ಗದ ಒಂದು ಬೈಕ್ ಶೋರೂಮಿನ ವರ್ಕ್‌ಶಾಪಿನಲ್ಲಿ ಇನ್ಶೂರೆನ್ಸ್ ಕ್ಲೇಮುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಹನ್ನೊಂದು ವರ್ಷಗಳಾದವು. ದೊಡ್ಡ ಅಪಘಾತವಾದ ಗಾಡಿಗಳ ವಿಷಯದಲ್ಲಿ ಮಾಲೀಕರಿಗೆ ಗೊಂದಲವಿರುವುದಿಲ್ಲ. ಗೊಂದಲವಿರುವುದು ನಿಲ್ಲಿಸಿ ಹೋದ ಬೈಕಿಗೆ ತಾವಿಲ್ಲದ ಹೊತ್ತಿನಲ್ಲಿ ಪೆಟ್ಟಾದವರಿಗೆ. ದುರ್ಗಿಗುಡಿಯಲ್ಲಿ ಸಾಲಾಗಿ ನಿಂತ ಬೈಕುಗಳಿಗೆ ರಿವರ್ಸ್ ಬಂದ ಗೂಡ್ಸ್ ಆಟೋ ತಾಗಿ ಒಂದರ ಮೇಲೊಂದು ಉರುಳುತ್ತವೆ. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬರುವವರದ್ದು ಬೇರೆ ಕಥೆ: ಮಳೆಗೆ ಅಂಗಳದ ಮಣ್ಣು ಮೆತ್ತಗಾಗಿ ಸೈಡ್ ಸ್ಟ್ಯಾಂಡ್ ಹೂತು ಗಾಡಿ ಮಗುಚುತ್ತದೆ, ಇಲ್ಲವೇ ಗಾಳಿಗೆ ಮುರಿದ ಅಡಿಕೆ ಮರ ಟ್ಯಾಂಕಿನ ಮೇಲೆ ಬೀಳುತ್ತದೆ. ಎಲ್ಲರೂ ಕೇಳುವ ಪ್ರಶ್ನೆ ಮಾತ್ರ ಒಂದೇ. "ಸಾರ್, ಕ್ಲೇಮ್ ಮಾಡುವುದು ಒಳ್ಳೆಯದೋ, ಕೈಯಿಂದ ಹಾಕುವುದು ಒಳ್ಳೆಯದೋ?"

ಮೊದಲ ಕೆಲವು ವರ್ಷ ನಾನು ಇದಕ್ಕೆ ಲೆಕ್ಕ ಹಾಕದೆಯೇ ಉತ್ತರ ಕೊಡುತ್ತಿದ್ದೆ. ಸಣ್ಣ ಪೆಟ್ಟಿಗೆ ಕ್ಲೇಮ್ ಬೇಡ, ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯಾದ ನೋ ಕ್ಲೇಮ್ ಬೋನಸ್, ಅಂದರೆ ಎನ್‌ಸಿಬಿ ಹೋಗುತ್ತದೆ ಎಂದು ಹಿರಿಯ ಸಹೋದ್ಯೋಗಿಗಳು ಹೇಳುತ್ತಿದ್ದುದನ್ನು ಕೇಳಿ, ನಾನೂ ಅದನ್ನೇ ಹೇಳುತ್ತಿದ್ದೆ. ಆ ಮಾತಿನಿಂದ ಒಬ್ಬರಿಗೆ ನಷ್ಟವಾದ ಮೇಲೆಯೇ ನಾನು ಕಾಗದ ಪೆನ್ನು ಹಿಡಿದು ಕೂತದ್ದು.

ಅವರು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಅಂಚೆ ಹಂಚುವವರು. ಮೂರೂವರೆ ವರ್ಷ ಹಳೆಯ 125 ಸಿಸಿ ಬೈಕು. ಜುಲೈ ತಿಂಗಳ ಒಂದು ದಿನ ಕೆಲಸದ ಮೇಲೆ ಶಿವಮೊಗ್ಗಕ್ಕೆ ಬಂದು ಬಿ.ಎಚ್. ರಸ್ತೆಯ ಬದಿಯಲ್ಲಿ ಗಾಡಿ ನಿಲ್ಲಿಸಿದ್ದಾಗ, ಹಿಂದಕ್ಕೆ ತೆಗೆದ ಬಸ್ಸೊಂದು ಮುಂದಿನ ಚಕ್ರಕ್ಕೆ ತಾಗಿ ಗಾಡಿಯನ್ನು ಕೆಡವಿ ಹೋಗಿತ್ತು. ಬಸ್ಸಿನ ನಂಬರ್ ಯಾರೂ ನೋಡಿರಲಿಲ್ಲ. ಸಂಜೆ ನಮ್ಮಲ್ಲಿಗೆ ಬಂದಾಗ ಕಣ್ಣಿಗೆ ಕಂಡದ್ದು ಒಡೆದ ಹೆಡ್‌ಲೈಟ್ ಡೂಮ್, ಎಡಗಡೆಯ ಕನ್ನಡಿ ಮತ್ತು ಇಂಡಿಕೇಟರ್ ಮಾತ್ರ. ಕೂಲಿ ಸೇರಿ 1,900 ರೂಪಾಯಿಯ ಕೆಲಸ. ಇಷ್ಟಕ್ಕೆಲ್ಲ ಕ್ಲೇಮ್ ಬೇಡ ಎಂದೆ. ಅವರು ಹಣ ಕಟ್ಟಿ, ಹೊಸ ಡೂಮ್ ಹಾಕಿಸಿಕೊಂಡು, ಮಳೆಯಲ್ಲಿಯೇ ಊರಿಗೆ ಹೋದರು.

ಹದಿನೆಂಟು ದಿನಗಳ ನಂತರ ಮತ್ತೆ ಬಂದರು. "ಮಂಡಗದ್ದೆ ಕಳೆದ ಮೇಲೆ ತಿರುವಲ್ಲೆಲ್ಲ ಹ್ಯಾಂಡಲ್ ಎಡಕ್ಕೆ ಎಳೀತದೆ ಸಾರ್" ಎಂದರು. ಮುಂಭಾಗ ಬಿಚ್ಚಿಸಿದೆವು. ನಮ್ಮ ಮೆಕ್ಯಾನಿಕ್ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಎರಡು ಪೈಪುಗಳನ್ನೂ ಒರೆಸಿ, ಮೇಜಿನ ಮೇಲಿನ ದಪ್ಪ ಗಾಜಿನ ಮೇಲಿಟ್ಟು ಬೆರಳಿನಿಂದ ನಿಧಾನವಾಗಿ ಉರುಳಿಸಿದರು. ಬಲಗಡೆಯ ಪೈಪು ಸದ್ದಿಲ್ಲದೆ ಉರುಳಿತು. ಎಡಗಡೆಯದು ಪ್ರತಿ ಸುತ್ತಿಗೂ ಒಮ್ಮೆ ಟಕ್ ಎನ್ನುತ್ತಿತ್ತು, ಅದರ ನಡುವಿನಲ್ಲಿ ಗಾಜಿಗೂ ಪೈಪಿಗೂ ಮಧ್ಯೆ ನೂಲಿನಷ್ಟು ಬೆಳಕು ಕಂಡು ಮಾಯವಾಗುತ್ತಿತ್ತು. ಬರಿಗಣ್ಣಿಗೆ ಆ ಪೈಪು ನೇರವಾಗಿಯೇ ಇತ್ತು. ಫೋರ್ಕ್, ಅದನ್ನು ಗಾಡಿಗೆ ಕೂರಿಸುವ ಟಿ-ಸ್ಟೆಮ್, ಹ್ಯಾಂಡಲ್ ಎಲ್ಲ ಸೇರಿ 7,400 ರೂಪಾಯಿಯ ಎಸ್ಟಿಮೇಟ್ ಆಯಿತು.

ಆಗ ಕ್ಲೇಮ್ ಮಾಡಲು ಹೋದೆವು, ಆದರೆ ಕಂಪನಿ ಒಪ್ಪಲಿಲ್ಲ. ಅಪಘಾತವಾದ ಕೂಡಲೇ ಲಿಖಿತವಾಗಿ ತಿಳಿಸಬೇಕೆಂಬುದು ಪಾಲಿಸಿಯ ಮೊದಲ ಷರತ್ತು. ಒಡೆದ ಬಿಡಿಭಾಗಗಳನ್ನು ನಾವೇ ಬದಲಾಯಿಸಿ ಬಿಸಾಡಿದ್ದೆವು, ಫೋಟೋ ಒಂದೂ ಇರಲಿಲ್ಲ, ಮಧ್ಯೆ ಹದಿನೆಂಟು ದಿನ ಗಾಡಿ ಓಡಿತ್ತು. ಈ ಬಾಗು ಆ ದಿನದ್ದೇ ಎಂದು ತೋರಿಸಲು ನಮ್ಮ ಬಳಿ ಏನೂ ಇರಲಿಲ್ಲ. ಅವರು ಜಗಳವಾಡಲಿಲ್ಲ. "ನೀವು ಬೇಡ ಅಂದ್ರಿ ಅಂತ ಬಿಟ್ಟೆ ಸಾರ್" ಎಂದಷ್ಟೇ ಹೇಳಿ, ಎರಡು ಕಂತಿನಲ್ಲಿ ಹಣ ಕಟ್ಟಿದರು. ಆ ಮಾತು ಇಂದಿಗೂ ನನ್ನ ಮನಸ್ಸಿನಲ್ಲಿದೆ.

ಅವತ್ತು ರಾತ್ರಿ ಅವರ ಪಾಲಿಸಿಯ ಪ್ರತಿಯನ್ನು ಮನೆಗೆ ತಂದು ಹಾಕಿದ ಲೆಕ್ಕವನ್ನೇ ಈಗ ಎಲ್ಲರಿಗೂ ಹಾಕಿ ತೋರಿಸುತ್ತೇನೆ. ಒಟ್ಟು ಹಾನಿ 9,300 ರೂಪಾಯಿ. ಅದರಲ್ಲಿ ಪ್ಲಾಸ್ಟಿಕ್ ಭಾಗಗಳು 1,600, ಲೋಹದ ಭಾಗಗಳು 5,900, ಕೂಲಿ 1,800. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗಳಿಗೆ ಗಾಡಿಯ ವಯಸ್ಸು ನೋಡದೆ ಅರ್ಧ ಬೆಲೆ ಕಡಿತವಾಗುತ್ತದೆ. ಲೋಹಕ್ಕೆ ವಯಸ್ಸಿನ ಮೇಲೆ ಕಡಿತ: ಆರು ತಿಂಗಳವರೆಗೆ ಏನೂ ಇಲ್ಲ, ಒಂದು ವರ್ಷದವರೆಗೆ ಶೇ 5, ಎರಡು ವರ್ಷದವರೆಗೆ ಶೇ 10, ಮೂರರವರೆಗೆ ಶೇ 15, ನಾಲ್ಕರವರೆಗೆ ಶೇ 25, ಐದರವರೆಗೆ ಶೇ 35. ಗಾಜಿಗೆ ಕಡಿತವಿಲ್ಲ, ಕೂಲಿಗೂ ಇಲ್ಲ. ಹೀಗೆ ಅವರಿಗೆ ಪ್ಲಾಸ್ಟಿಕ್‌ಗೆ 800, ಲೋಹಕ್ಕೆ 4,425, ಕೂಲಿಗೆ 1,800 ಸೇರಿ 7,025 ರೂಪಾಯಿ ಆಗಿ, ದ್ವಿಚಕ್ರ ವಾಹನದ ಕಡ್ಡಾಯ ಕಡಿತವಾದ 100 ರೂಪಾಯಿ ಕಳೆದು 6,925 ರೂಪಾಯಿ ಬರಬೇಕಿತ್ತು.

ಇನ್ನು ನಾನು ಅಷ್ಟು ಹೆದರಿಸಿದ್ದ ಎನ್‌ಸಿಬಿಯ ಲೆಕ್ಕ. ಕ್ಲೇಮ್ ಇಲ್ಲದೆ ಒಂದು ವರ್ಷ ಕಳೆದರೆ ಶೇ 20, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50 ರಿಯಾಯಿತಿ; ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆಯಿಂದ ಶುರು. ಆದರೆ ಈ ರಿಯಾಯಿತಿ ಇರುವುದು ಗಾಡಿಯ ಸ್ವಂತ ಹಾನಿಯ ಪ್ರೀಮಿಯಂ ಮೇಲೆ ಮಾತ್ರ, ನಾವು ಓಡಿ ಎನ್ನುತ್ತೇವಲ್ಲ ಅದರ ಮೇಲೆ; ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಗೆಂದು ಕಟ್ಟುವ ಥರ್ಡ್ ಪಾರ್ಟಿ ಪ್ರೀಮಿಯಂಗೂ ಇದಕ್ಕೂ ಸಂಬಂಧವಿಲ್ಲ. ಜನರು ರಸೀದಿಯ ಕೊನೆಯ ಮೊತ್ತ ನೋಡಿ, ಅದರ ಅರ್ಧ ಹೋಗುತ್ತದೆ ಎಂದು ತಿಳಿಯುತ್ತಾರೆ. ಅವರ ಪಾಲಿಸಿಯಲ್ಲಿ ಬೋನಸ್ ಕಳೆಯುವ ಮೊದಲಿನ ಓಡಿ ಪ್ರೀಮಿಯಂ 840 ರೂಪಾಯಿ ಇತ್ತು. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷಗಳಲ್ಲಿ 45, 50, 50, 50, 50 ಎಂದು ಸಿಗುವ ಜಾಗದಲ್ಲಿ, ಮಾಡಿದ್ದರೆ 0, 20, 25, 35, 45 ಎಂದು ಸಿಗುತ್ತಿತ್ತು. ವ್ಯತ್ಯಾಸಗಳನ್ನು ಕೂಡಿದರೆ ಶೇ 120, ಎಂದರೆ ಐದು ವರ್ಷಗಳಲ್ಲಿ ಒಟ್ಟು 1,008 ರೂಪಾಯಿ. ಶೇ 18 ಜಿಎಸ್‌ಟಿ ಸೇರಿಸಿದರೆ ಸುಮಾರು 1,190. ವರ್ಷ ಕಳೆದಂತೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟುವ ಬೆಲೆಯಾದ ಐಡಿವಿಯೂ ಅದರೊಡನೆ ಓಡಿಯೂ ಇಳಿಯುವುದರಿಂದ ನಿಜವಾದ ನಷ್ಟ ಇನ್ನೂ ಕಡಿಮೆ. ಈ 1,190 ರೂಪಾಯಿ ಉಳಿಸಲು ಹೋಗಿ ನಾನು ಅವರಿಗೆ 6,925 ರೂಪಾಯಿ ಕಳೆದಿದ್ದೆ.

ಹೀಗೆ ಬೇರೆ ಬೇರೆ ಹಂತದವರಿಗೆ ಹಾಕಿ ನೋಡಿದ್ದೇನೆ. ಈಗಾಗಲೇ ಶೇ 50 ಪಡೆಯುತ್ತಿರುವವರು ಒಂದು ಕ್ಲೇಮಿನಿಂದ ಕಳೆದುಕೊಳ್ಳುವುದು ಒಟ್ಟಾರೆ ಒಂದೂಕಾಲು ವರ್ಷದ ಓಡಿ ಪ್ರೀಮಿಯಂ. ಹೊಸ ಗಾಡಿ ಕೊಂಡ ಮೊದಲ ವರ್ಷದಲ್ಲಿಯೇ ಕ್ಲೇಮ್ ಮಾಡುವವರು ಕಳೆದುಕೊಳ್ಳುವುದು ಅರ್ಧ ವರ್ಷದ್ದು. ಚಿಕ್ಕ ಬೈಕುಗಳಲ್ಲಿ ಈ ಮೊತ್ತ ಜನರು ಹೆದರುವಷ್ಟು ದೊಡ್ಡದಲ್ಲ. ಇದರ ಜೊತೆಗೆ ಕಂಪನಿಯು ಓಡಿಯಲ್ಲಿ ತಾನಾಗಿ ಬೇರೆ ರಿಯಾಯಿತಿ ಕೊಟ್ಟಿದ್ದರೆ, ಕ್ಲೇಮ್ ಆದ ಮೇಲೆ ಅದೂ ಮುಂದುವರಿಯುವುದೇ ಎಂದು ಕೇಳಿ ತಿಳಿಯುವುದು ಒಳ್ಳೆಯದು. ಬಂಪರ್ ಟು ಬಂಪರ್ ಎಂದು ಕರೆಯುವ ಜೀರೋ ಡೆಪ್ ಪಾಲಿಸಿ ಇದ್ದವರಿಗೆ ಪ್ಲಾಸ್ಟಿಕ್, ಲೋಹದ ಕಡಿತಗಳೂ ಇರುವುದಿಲ್ಲವಾದ್ದರಿಂದ ಲೆಕ್ಕ ಇನ್ನಷ್ಟು ಕ್ಲೇಮಿನ ಕಡೆಗೆ ವಾಲುತ್ತದೆ.

ಆದರೆ ಈ ಲೆಕ್ಕಕ್ಕೂ ಮೊದಲು ನಾನು ಪಾಲಿಸಿಯ ಮೊದಲ ಪುಟವನ್ನು ಕೇಳುತ್ತೇನೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿದೆ. ಹೆಚ್ಚಿನವರು ಗಾಡಿ ಕೊಳ್ಳುವಾಗ ಅದರ ಜೊತೆ ಒಂದೇ ವರ್ಷದ ಓಡಿ ತೆಗೆದುಕೊಂಡಿರುತ್ತಾರೆ. ಎರಡನೆಯ ವರ್ಷ ಓಡಿ ನವೀಕರಿಸದೆ, "ನಂದು ಐದು ವರ್ಷ ಇನ್ಶೂರೆನ್ಸ್ ಉಂಟಲ್ಲ ಮಾರಾಯ್ರೆ" ಎಂದು ನಿಶ್ಚಿಂತೆಯಿಂದ ಇರುವವರನ್ನು ವಾರಕ್ಕೊಬ್ಬರಂತೆ ನೋಡುತ್ತೇನೆ. ಪೊಲೀಸರ ತಪಾಸಣೆಗೆ ಆ ಕಾಗದ ಸಾಕು, ಆದರೆ ಅಂಗಳದಲ್ಲಿ ಮರ ಬಿದ್ದ ಬೈಕಿಗೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಅವರಿಗೆ ಇದನ್ನು ಹೇಳುವುದು ನನ್ನ ಕೆಲಸದಲ್ಲಿ ಅತ್ಯಂತ ಬೇಸರದ ಭಾಗ. ಓದುತ್ತಿರುವವರು ದಯವಿಟ್ಟು ಇಂದೇ ತಮ್ಮ ಪಾಲಿಸಿಯಲ್ಲಿ ಓಡಿಯ ಕೊನೆಯ ದಿನಾಂಕವನ್ನು ಬೇರೆಯಾಗಿ ನೋಡಿಕೊಳ್ಳಬೇಕು. ಅವಧಿ ಮುಗಿದು 90 ದಿನ ದಾಟಿದರೆ ಕೂಡಿಟ್ಟ ಎನ್‌ಸಿಬಿಯೂ ಹೋಗುತ್ತದೆ.

ಓಡಿ ಇದ್ದರೆ ಬಿರುಗಾಳಿ, ನೆರೆ, ಭೂಕುಸಿತ, ಮರ ಬೀಳುವುದು, ಯಾರೋ ಗುದ್ದಿ ಹೋಗುವುದು, ಬೇಕೆಂದೇ ಯಾರೋ ಹಾಳುಮಾಡುವುದು ಎಲ್ಲವೂ ಅದರೊಳಗೆ ಬರುತ್ತವೆ. ಕನ್ನಡಿ ಅಥವಾ ಲೆಗ್‌ಗಾರ್ಡ್‌ನಂಥ ಆಕ್ಸೆಸರಿಯನ್ನು ಮಾತ್ರ ಕದ್ದುಕೊಂಡು ಹೋದರೆ ಬರುವುದಿಲ್ಲ, ಗಾಡಿಯೂ ಜೊತೆಗೆ ಕಳುವಾಗಿರಬೇಕು. ನೆರೆಯ ನೀರಿನಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಿ ಎಂಜಿನ್ ಹಾಳಾದರೆ ಕಂಪನಿ ಅದನ್ನು ಆಮೇಲಿನ ಹಾನಿ ಎಂದು ಬಿಡುತ್ತದೆ. ಹಾಗೆಯೇ ತಳ್ಳಿಕೊಂಡು ಅಥವಾ ಟೆಂಪೋದಲ್ಲಿ ಹಾಕಿಕೊಂಡು ತನ್ನಿ.

ಆ ಜುಲೈನ ನಂತರ ನಾನು ಬದಲಾಯಿಸಿದ ಕ್ರಮ ಇದು. ನಿರ್ಧಾರವನ್ನು ಮೊದಲ ದಿನ ಮಾಡಿಸುವುದಿಲ್ಲ. ಮೊದಲ ದಿನ ಕಂಪನಿಗೆ ತಿಳಿಸುವುದು ಮತ್ತು ಫೋಟೋ ತೆಗೆಯುವುದು ಮಾತ್ರ. ಗಾಡಿ ಬಿದ್ದ ಜಾಗದಲ್ಲಿ, ಎತ್ತುವ ಮೊದಲು, ನಂಬರ್ ಪ್ಲೇಟ್ ಕಾಣುವಂತೆ ತೆಗೆದ ಫೋಟೋಗಿಂತ ಒಳ್ಳೆಯ ಸಾಕ್ಷಿ ಇಲ್ಲ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಬಣ್ಣ ಕಿತ್ತುಹೋದ ಕಬ್ಬಿಣ ಎರಡು ಮೂರು ದಿನದಲ್ಲಿಯೇ ಕೆಂಪಗೆ ತುಕ್ಕು ಹಿಡಿಯುತ್ತದೆ. ಹೊಸ ಗೀರಿನೊಳಗೆ ಲೋಹ ಬೆಳ್ಳಗೆ ಹೊಳೆಯುತ್ತದೆ. ಹಾನಿ ನೋಡಲು ಕಂಪನಿಯ ಕಡೆಯಿಂದ ಸರ್ವೇಯರ್ ಬಂದಾಗ ಅದು ತುಕ್ಕಾಗಿದ್ದರೆ, ಹಳೆಯ ಗೀರಲ್ಲವೇ ಎಂದು ಅವರು ಕೇಳುವುದು ನ್ಯಾಯವೇ. ತಿಳಿಸಿದ ಮಾತ್ರಕ್ಕೆ ಬೋನಸ್ ಹೋಗುತ್ತದೆ ಎಂಬ ಭಯ ಹಲವರಿಗಿದೆ. ಹಣ ಪಡೆಯುವ ಮೊದಲು ಲಿಖಿತವಾಗಿ ಹಿಂತೆಗೆದುಕೊಂಡ ಕ್ಲೇಮುಗಳಲ್ಲಿ ಬೋನಸ್ ಉಳಿದಿರುವುದನ್ನು ನಾನು ನೋಡಿದ್ದೇನೆ. ಆದರೆ ಹಣ ಪಾವತಿಯಾಗದೆ ಕ್ಲೇಮ್ ಮುಚ್ಚಲಾಗಿದೆ ಎಂಬ ಉತ್ತರವನ್ನು ತರಿಸಿಕೊಂಡು ಇಟ್ಟುಕೊಳ್ಳುವಂತೆ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಎರಡನೆಯ ದಿನ ಮುಂಭಾಗ ಬಿಚ್ಚಿ ಫೋರ್ಕ್ ನೋಡಿದ ಮೇಲೆಯೇ ಎಸ್ಟಿಮೇಟ್.

ಇಲ್ಲಿ ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಕ್ಲೇಮ್ ಆದರೆ ವರ್ಕ್‌ಶಾಪಿಗೆ ದೊಡ್ಡ ಬಿಲ್ ಆಗುತ್ತದೆ. ಆದ್ದರಿಂದ ನನ್ನಂಥವರು ಕ್ಲೇಮ್ ಮಾಡಿ ಎಂದಾಗಲೂ ಲೆಕ್ಕವನ್ನು ಕಾಗದದಲ್ಲಿ ಬರೆಸಿಕೊಳ್ಳುವ ಹಕ್ಕು ನಿಮಗಿದೆ. ಹಾಗೆಯೇ ಹಳೆಯ ಗೀರುಗಳನ್ನೂ ಇದಕ್ಕೇ ಸೇರಿಸಿಬಿಡಿ ಎಂದು ಕೇಳುವವರಿಗೆ ನಾನು ಇಲ್ಲ ಎನ್ನುತ್ತೇನೆ. ಬೇರೆ ದಿನದ ಪೆಟ್ಟು ಬೇರೆಯೇ ಕ್ಲೇಮ್, ಸೇರಿಸಿ ಬರೆಯುವುದು ಸುಳ್ಳು ಹೇಳಿಕೆ, ಅದರಿಂದ ನಿಜವಾದ ಹಾನಿಯ ಹಣವೂ ನಿಂತುಹೋಗಬಹುದು. ಗುದ್ದಿದವರು ಸಿಕ್ಕಿ ಅಲ್ಲೇ ಸಾವಿರವೋ ಎರಡು ಸಾವಿರವೋ ಕೊಟ್ಟಿದ್ದರೆ ಅದನ್ನೂ ತಿಳಿಸಬೇಕು. ಒಂದೇ ನಷ್ಟಕ್ಕೆ ಎರಡು ಕಡೆ ಹಣ ಪಡೆಯುವಂತಿಲ್ಲ. ಗುದ್ದಿದ ವಾಹನದ ಥರ್ಡ್ ಪಾರ್ಟಿ ವಿಮೆಯಿಂದ ಪರಿಹಾರ ಕೇಳುವ ದಾರಿ ಕಾನೂನಿನಲ್ಲಿ ಇದೆ, ಆದರೆ ಅದಕ್ಕೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಬೇಕು. ಮೂರು ನಾಲ್ಕು ಸಾವಿರದ ಹಾನಿಗೆ ಅಷ್ಟು ಓಡಾಟ ಯಾರಿಗೂ ಕಟ್ಟುವುದಿಲ್ಲ.

ಹೋದ ಮಳೆಗಾಲದಲ್ಲಿ ಹೊಸನಗರದ ಕಡೆಯ ಒಬ್ಬ ಅಡಿಕೆ ಬೆಳೆಗಾರರು ತಮ್ಮ 350 ಸಿಸಿ ಬೈಕನ್ನು ಪಿಕಪ್‌ನಲ್ಲಿ ಹಾಕಿಕೊಂಡು ಬಂದರು. ಗಾಳಿಗೆ ಮುರಿದ ಅಡಿಕೆ ಮರದ ತುದಿ ಟ್ಯಾಂಕಿನ ಮೇಲೆ ಅಡ್ಡ ಬಿದ್ದಿತ್ತು. ಕಂಪನಿಗೆ ಅಂದೇ ತಿಳಿಸಿದ್ದರು, ಮರ ಬಿದ್ದಂತೆಯೇ ಇದ್ದ ಫೋಟೋಗಳೂ ಇದ್ದವು. ಫೋರ್ಕಿನ ಪೈಪುಗಳನ್ನು ಗಾಜಿನ ಮೇಲೆ ಉರುಳಿಸಿದೆವು, ಎರಡೂ ನೇರವಾಗಿದ್ದವು. ಎಸ್ಟಿಮೇಟ್ 3,900 ರೂಪಾಯಿ: ಪ್ಲಾಸ್ಟಿಕ್ 1,400, ಟ್ಯಾಂಕಿನ ತಗ್ಗು ತೆಗೆಯುವ ಕೂಲಿ 500, ಬಣ್ಣ 2,000. ಬಣ್ಣದ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಗ್ರಿ ಎಂದು ತೆಗೆದುಕೊಂಡು ಅದರ ಅರ್ಧವನ್ನಷ್ಟೇ ಕಳೆಯುವುದರಿಂದ ಅದಕ್ಕೆ 1,750 ಬರುತ್ತದೆ. ಎಲ್ಲ ಸೇರಿ, 100 ಕಳೆದು, ಕೈಗೆ ಬರುವುದು 2,850. ಅವರ ಓಡಿ ಪ್ರೀಮಿಯಂ 2,600 ರೂಪಾಯಿ, ಎನ್‌ಸಿಬಿ ಶೇ 50. ಕಳೆದುಕೊಳ್ಳುವುದು ಜಿಎಸ್‌ಟಿ ಸೇರಿ ಸುಮಾರು 3,835. ಜಾಬ್ ಕಾರ್ಡಿನ ಹಿಂಬದಿಯಲ್ಲಿ ಬರೆದ ಅಂಕಿಗಳನ್ನು ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಕೂಡಿ ನೋಡಿದರು.

"ಹಂಗಾರೆ ಕ್ಲೇಮ್ ಬ್ಯಾಡ ಮಾರಾಯ್ರೆ, ಟ್ಯಾಂಕಿಗೆ ಬಣ್ಣ ಹೊಡೆಸಿ ಕೊಡಿ" ಎಂದರು. ಅಲ್ಲಿಯೇ ಕೂತು ಹಿಂತೆಗೆದುಕೊಳ್ಳುವ ಪತ್ರ ಬರೆದೆವು. ಗಾಡಿ ಕೊಡಲು ಐದು ದಿನ ಬೇಕಾಯಿತು, ಆ ವಾರದ ಮಳೆಯಲ್ಲಿ ಟ್ಯಾಂಕಿಗೆ ಹಚ್ಚಿದ ಪುಟ್ಟಿ ಒಣಗಲೇ ಇಲ್ಲ.