ದಿನಸಿ ಮಳಿಗೆಯ ಕಥೆಯಾಚೆಗಿನ ಕರ್ಟ್ ವಾರ್ನರ್

ಅಮೆರಿಕನ್ ಫುಟ್‌ಬಾಲ್‌ನ ನಿವೃತ್ತ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿ ನಡೆಸುತ್ತಾ ಚೆಂಡನ್ನು ಎಸೆಯುವ ಆಟಗಾರ) ಕರ್ಟ್ ವಾರ್ನರ್ ಅವರ ಹೆಸರು ಬಂದಾಗಲೆಲ್ಲ ಮೊದಲು ಹೊರಡುವುದು ದಿನಸಿ ಮಳಿಗೆಯ ಮಾತು. 1994ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡ ತರಬೇತಿ ಶಿಬಿರದಿಂದಲೇ ಕೈಬಿಟ್ಟ ಮೇಲೆ, ಐಯೋವಾ ರಾಜ್ಯದ ಸೀಡರ್ ಫಾಲ್ಸ್‌ನ ಹೈ-ವೀ ಮಳಿಗೆಯಲ್ಲಿ ಗಂಟೆಗೆ 5.50 ಡಾಲರ್ ಕೂಲಿಗೆ ರಾತ್ರಿಪಾಳಿಯಲ್ಲಿ ಸಾಮಾನು ಜೋಡಿಸುತ್ತಿದ್ದ ಯುವಕ, ಆರು ವರ್ಷ ತುಂಬುವುದರೊಳಗೆ ಆ ಆಟದ ಪ್ರಮುಖ ಲೀಗಾದ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯ ಸೂಪರ್ ಬೌಲ್ ಗೆದ್ದ ಕಥೆ ಅದು. ಕಥೆ ನಿಜವಾದದ್ದೇ, ವಾರ್ನರ್ ಅವರೂ ಅದನ್ನು ಮರೆಮಾಚಿದವರಲ್ಲ. ಆದರೆ ಅದನ್ನು ಹೇಳಿ ಮುಗಿಸಿದವರು ಸಾಮಾನ್ಯವಾಗಿ "ಅದೃಷ್ಟ ಒಲಿಯಿತು" ಎಂದು ಎದ್ದುಬಿಡುತ್ತಾರೆ. ಅವರು ಆಡಿದ ಆಟ ಎಂಥದ್ದು, ಅದನ್ನು ಎಲ್ಲಿ ಕಲಿತರು, ಅದಕ್ಕೆ ತೆತ್ತ ಬೆಲೆಯೇನು ಎಂಬುದರತ್ತ ಯಾರ ಗಮನವೂ ಹೋಗುವುದಿಲ್ಲ. ಅವರ ವೃತ್ತಿಜೀವನವನ್ನು ಹಿಂದಿರುಗಿ ನೋಡುವಾಗ ನನಗೆ ಮುಖ್ಯವೆನಿಸುವುದು ಅದೇ.

ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಕೈಗೆ ತೆಗೆದುಕೊಂಡ ಕ್ಷಣದಿಂದ ಅವನಿಗೆ ಸಿಗುವುದು ಸುಮಾರು ಎರಡೂವರೆ, ಹೆಚ್ಚೆಂದರೆ ಮೂರು ಸೆಕೆಂಡು. ತನ್ನ ಕಡೆಯ ಐದು ಮಂದಿ ಭಾರೀ ಆಟಗಾರರು ಅರ್ಧಚಂದ್ರಾಕಾರದಲ್ಲಿ ನಿಂತು ಎದುರಾಳಿಗಳನ್ನು ತಡೆಯುತ್ತಿರುತ್ತಾರೆ. ಅವರ ಹಿಂದಿನ ಇಷ್ಟಗಲ ಜಾಗವನ್ನು ಪಾಕೆಟ್ ಎನ್ನುತ್ತಾರೆ. ಓಡುವುದರಲ್ಲಿ ಚುರುಕಾದವರು ಪಾಕೆಟ್ ಕುಸಿಯುವ ಹೊತ್ತಿಗೆ ಪಕ್ಕಕ್ಕೆ ಓಡಿ ಬಚಾವಾಗುತ್ತಾರೆ. ವಾರ್ನರ್ ಓಟಗಾರರಲ್ಲ. ಅವರು ಅಲ್ಲೇ ನಿಲ್ಲುತ್ತಿದ್ದರು. ಚೆಂಡು ಹಿಡಿಯಬೇಕಾದ ರಿಸೀವರ್ ತಿರುಗಿ ನೋಡುವುದಕ್ಕೂ ಮುಂಚೆಯೇ, ಅವನು ತಲುಪಲಿರುವ ಜಾಗಕ್ಕೆ ಚೆಂಡನ್ನು ಕಳುಹಿಸಿರುತ್ತಿದ್ದರು. ಏಟು ಬೀಳುತ್ತದೆಂದು ಗೊತ್ತಿದ್ದೂ ಕಣ್ಣನ್ನು ಮೈದಾನದ ದೂರದ ತುದಿಯಿಂದ ಕೀಳದಿರುವುದಕ್ಕೆ ಬೇಕಾದ ಧೈರ್ಯ ಎಲ್ಲರಿಗೂ ಬರುವಂಥದ್ದಲ್ಲ.

ಈ ವಿದ್ಯೆಯನ್ನು ಅವರು ಕಲಿತದ್ದು, ಎನ್‌ಎಫ್‌ಎಲ್‌ನವರು ಆಗ ಗಂಭೀರವಾಗಿ ಪರಿಗಣಿಸದೇ ಇದ್ದ ಅರೆನಾ ಫುಟ್‌ಬಾಲ್‌ನಲ್ಲಿ. 1995ರಿಂದ 1997ರವರೆಗೆ ಅವರು ಐಯೋವಾ ಬಾರ್ನ್‌ಸ್ಟಾರ್ಮರ್ಸ್ ತಂಡಕ್ಕೆ ಆಡಿದರು. ಅದು ಒಳಾಂಗಣದ ಆಟ. ನೂರು ಗಜದ ಮೈದಾನದ ಬದಲು ಐವತ್ತು ಗಜ, ಹನ್ನೊಂದು ಆಟಗಾರರ ಬದಲು ಎಂಟು, ಗಡಿಗೆರೆ ಇರಬೇಕಾದಲ್ಲಿ ಮೆತ್ತೆ ಹೊದಿಸಿದ ಗೋಡೆ. ಅಷ್ಟು ಇಕ್ಕಟ್ಟಿನಲ್ಲಿ ಯೋಚಿಸುತ್ತಾ ನಿಂತರೆ ಆಟ ಮುಗಿಯಿತು. ನೋಡಬೇಕು, ತೀರ್ಮಾನಿಸಬೇಕು, ಎಸೆಯಬೇಕು, ಮೂರೂ ಒಂದೇ ಉಸಿರಿನಲ್ಲಿ ಆಗಬೇಕು. ಅಲ್ಲಿಂದ 1998ರಲ್ಲಿ ಎನ್‌ಎಫ್‌ಎಲ್ ಯುರೋಪಿನ ಆಮ್ಸ್ಟರ್‌ಡ್ಯಾಮ್ ಅಡ್ಮಿರಲ್ಸ್, ಆಮೇಲೆ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡದ ಬೆಂಚು. 1999ರಲ್ಲಿ ಹೊಸದಾಗಿ ಕಟ್ಟಲಾಗುತ್ತಿದ್ದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಬೇಕಿದ್ದರೆ ಆರಿಸಿಕೊಳ್ಳಲೆಂದು ರ‍್ಯಾಮ್ಸ್ ಬಿಟ್ಟುಕೊಟ್ಟಿದ್ದ ಆಟಗಾರರ ಪಟ್ಟಿಯಲ್ಲಿ ವಾರ್ನರ್ ಹೆಸರೂ ಇತ್ತು. ಬ್ರೌನ್ಸ್ ಅವರನ್ನು ಆರಿಸಿಕೊಳ್ಳಲಿಲ್ಲ.

ಆ ವರ್ಷದ ಆಗಸ್ಟ್‌ನಲ್ಲಿ ಅಭ್ಯಾಸ ಪಂದ್ಯವೊಂದರಲ್ಲಿ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್ ಅವರ ಮಂಡಿಗೆ ಪೆಟ್ಟಾಗಿ ವಾರ್ನರ್ ಅವರಿಗೆ ಅವಕಾಶ ಸಿಕ್ಕಿತು. ಇಲ್ಲಿಯವರೆಗಿನದನ್ನು ಬೇಕಾದರೆ ಅದೃಷ್ಟ ಎನ್ನಬಹುದು. ಮುಂದಿನದು ಅದೃಷ್ಟದ ಕೈಯಲ್ಲಿ ಇರಲಿಲ್ಲ. ಹಿಂದಿನ ವರ್ಷ ಹದಿನಾರರಲ್ಲಿ ನಾಲ್ಕೇ ಪಂದ್ಯ ಗೆದ್ದಿದ್ದ ತಂಡ 13 ಪಂದ್ಯ ಗೆದ್ದಿತು. ವಾರ್ನರ್ 4,353 ಗಜಗಳ ಪಾಸ್ ಮಾಡಿ 41 ಟಚ್‌ಡೌನ್ (ಚೆಂಡಿನೊಂದಿಗೆ ಎದುರಾಳಿಯ ಗೋಲ್ ಗೆರೆ ದಾಟಿ ಅಂಕ ಗಳಿಸುವುದು) ಎಸೆದರು. ಅದಕ್ಕೆ ಮೊದಲು ಒಂದೇ ಋತುವಿನಲ್ಲಿ ನಲವತ್ತು ದಾಟಿದ್ದವರು ಡ್ಯಾನ್ ಮರೀನೊ ಒಬ್ಬರೇ. ಮಾರ್ಷಲ್ ಫಾಕ್, ಐಸಾಕ್ ಬ್ರೂಸ್, ಟೋರಿ ಹೋಲ್ಟ್ ಅಂಥವರು ಜೊತೆಗಿದ್ದರು ಎಂಬುದು ನಿಜ, ಆದರೆ ಅವರೆಲ್ಲರ ವೇಗಕ್ಕೆ ತಕ್ಕ ವೇಗದಲ್ಲಿ ಚೆಂಡನ್ನು ಹಂಚಬಲ್ಲ ಕೈಯೂ ಬೇಕಿತ್ತು.

2000ದ ಜನವರಿ 30ರಂದು ಅಟ್ಲಾಂಟಾದಲ್ಲಿ ಟೆನೆಸ್ಸಿ ಟೈಟನ್ಸ್ ವಿರುದ್ಧ ನಡೆದ ಸೂಪರ್ ಬೌಲ್‌ನ ಒಂದು ಎಸೆತವನ್ನು ನಾನು ಎಷ್ಟು ಸಲ ನೋಡಿದರೂ ದಣಿಯುವುದಿಲ್ಲ. 16-0 ಮುನ್ನಡೆ ಕರಗಿ 16-16 ಆಗಿದೆ, ಉಳಿದಿರುವುದು ಎರಡು ನಿಮಿಷ ಚಿಲ್ಲರೆ. ರಿಸೀವರ್‌ಗಳು ನೇರವಾಗಿ ಮುಂದಕ್ಕೆ ಓಡುತ್ತಾರೆ. ಟೈಟನ್ಸ್‌ನ ಜೆವಾನ್ ಕರ್ಸ್ ವಾರ್ನರ್ ಮೇಲೆರಗುತ್ತಿದ್ದಾರೆ. ತೋಳು ಮುಂದಕ್ಕೆ ಬರುವ ಹೊತ್ತಿಗೇ ಏಟು ತಾಗಿ ಚೆಂಡು ಬೀಳಬೇಕಾದ್ದಕ್ಕಿಂತ ತುಸು ಹಿಂದೆ ಬೀಳುತ್ತದೆ. ಬ್ರೂಸ್ ಅದನ್ನು ಗಮನಿಸಿ ವೇಗ ತಗ್ಗಿಸಿ, ಹಿಂದಕ್ಕೆ ಬಂದು ಹಿಡಿದು, ಒಳಕ್ಕೆ ತಿರುಗಿ ಓಡುತ್ತಾರೆ. 73 ಗಜಗಳ ಟಚ್‌ಡೌನ್. ಪಂದ್ಯದ ಕೊನೆಯ ಆಟದಲ್ಲಿ ರ‍್ಯಾಮ್ಸ್‌ನ ಮೈಕ್ ಜೋನ್ಸ್ ಟೈಟನ್ಸ್‌ನ ಕೆವಿನ್ ಡೈಸನ್ ಅವರನ್ನು ಗೋಲ್ ಗೆರೆಗೆ ಒಂದು ಗಜ ಮೊದಲೇ ಕೆಡವಿದ್ದರಿಂದ ಪಂದ್ಯ 23-16ಕ್ಕೆ ನಿಂತಿತು. ಆ ದಿನ ವಾರ್ನರ್ ಎಸೆದದ್ದು 414 ಗಜ, ಆಗಿನ ಸೂಪರ್ ಬೌಲ್ ದಾಖಲೆ.

ಪಾಕೆಟ್‌ನಲ್ಲಿ ನಿಲ್ಲುವವನ ಮೈ ಬೇಗ ಹಣ್ಣಾಗುತ್ತದೆ. 2001ರಲ್ಲಿ ಎರಡನೆಯ ಬಾರಿ ಲೀಗಿನ ಅತ್ಯಮೂಲ್ಯ ಆಟಗಾರರೆನಿಸಿದರೂ, ಆ ಋತುವಿನ ಸೂಪರ್ ಬೌಲ್‌ನಲ್ಲಿ ಟಾಮ್ ಬ್ರೇಡಿ ಅವರ ಪೇಟ್ರಿಯಟ್ಸ್ ಎದುರು 20-17ರಿಂದ ಸೋಲಾಯಿತು. ಆನಂತರ ಬೆರಳು ಮುರಿಯಿತು, ಚೆಂಡಿನ ಮೇಲಿನ ಹಿಡಿತ ಸಡಿಲವಾಯಿತು. 2003ರ ಮೊದಲ ಪಂದ್ಯದಲ್ಲಿ ಆರು ಬಾರಿ ಚೆಂಡು ಕೈಜಾರಿತು, ತಲೆಗೂ ಪೆಟ್ಟಾಗಿತ್ತು. ರ‍್ಯಾಮ್ಸ್ ಅವರನ್ನು ಬಿಟ್ಟಿತು. 2004ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಸೇರಿದರು. ಋತುವಿನ ಮಧ್ಯದಲ್ಲೇ ಆ ಸ್ಥಾನ ಹೊಸಬ ಈಲೈ ಮ್ಯಾನಿಂಗ್ ಪಾಲಾಯಿತು.

ಅರಿಜೋನಾ ಕಾರ್ಡಿನಲ್ಸ್‌ನಲ್ಲಿ ಕಳೆದ ಐದು ಋತುಗಳನ್ನು ನಾನು ಸೇಂಟ್ ಲೂಯಿಸ್‌ನ ವೈಭವಕ್ಕಿಂತ ಮೇಲೆ ಇಡುತ್ತೇನೆ. 1947ರ ನಂತರ ಲೀಗ್ ಪ್ರಶಸ್ತಿಯನ್ನೇ ಕಾಣದ, ಸೂಪರ್ ಬೌಲ್ ಮೆಟ್ಟಿಲನ್ನೇ ಹತ್ತದ ತಂಡ ಅದು. ಅಲ್ಲಿಯೂ ಯುವ ಆಟಗಾರ ಮ್ಯಾಟ್ ಲೈನರ್ಟ್ ಅವರೊಂದಿಗೆ ಸ್ಪರ್ಧಿಸಿ ಸ್ಥಾನ ಗೆದ್ದುಕೊಳ್ಳಬೇಕಾಯಿತು. 2008ರ ಋತುವಿನಲ್ಲಿ, 37ರ ವಯಸ್ಸಿನಲ್ಲಿ, ತಂಡದ ರಿಸೀವರ್‌ಗಳಾದ ಲ್ಯಾರಿ ಫಿಟ್ಜ್‌ಜೆರಾಲ್ಡ್ ಮತ್ತು ಆಂಕ್ವಾನ್ ಬೋಲ್ಡಿನ್ ಅವರನ್ನು ಗುರಿಯಾಗಿಸಿಕೊಂಡು ಅವರು ತಂಡವನ್ನು ಸೂಪರ್ ಬೌಲ್‌ವರೆಗೆ ಒಯ್ದರು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ವಿರುದ್ಧದ ಆ ಪಂದ್ಯದಲ್ಲಿ, ಮೊದಲಾರ್ಧದ ಕೊನೆಗೆ ಗೆರೆಗೆ ಒಂದೇ ಗಜ ದೂರದಲ್ಲಿದ್ದಾಗ ಅವರ ಪಾಸನ್ನು ಸ್ಟೀಲರ್ಸ್‌ನ ಜೇಮ್ಸ್ ಹ್ಯಾರಿಸನ್ ಕಸಿದು ನೂರು ಗಜ ಓಡಿ ಟಚ್‌ಡೌನ್ ಮಾಡಿದರು. ಅಂಥ ಆಘಾತದ ಮೇಲೂ ವಾರ್ನರ್ ನಾಲ್ಕನೆಯ ಕ್ವಾರ್ಟರ್‌ನಲ್ಲಿ 20-7ರ ಹಿನ್ನಡೆಯನ್ನು 23-20ರ ಮುನ್ನಡೆಯಾಗಿಸಿದ್ದನ್ನು ಜನ ಹೆಚ್ಚು ನೆನೆಯುವುದಿಲ್ಲ, ಏಕೆಂದರೆ 35 ಸೆಕೆಂಡು ಉಳಿದಿದ್ದಾಗ ಸ್ಟೀಲರ್ಸ್‌ನ ಸ್ಯಾಂಟೋನಿಯೊ ಹೋಮ್ಸ್ ಹಿಡಿದ ಚೆಂಡು ಪಂದ್ಯವನ್ನು 27-23ಕ್ಕೆ ತಿರುಗಿಸಿತು.

2010ರ ಜನವರಿ 10ರಂದು, ಹಿಂದೊಮ್ಮೆ ತಮ್ಮನ್ನು ಕೈಬಿಟ್ಟಿದ್ದ ಪ್ಯಾಕರ್ಸ್ ಎದುರು ಅವರು 33 ಪಾಸ್‌ಗಳಲ್ಲಿ 29ನ್ನು ಗುರಿ ಮುಟ್ಟಿಸಿ ಐದು ಟಚ್‌ಡೌನ್ ಎಸೆದರು. ಅಂದರೆ ಗುರಿ ತಪ್ಪಿದ ಪಾಸ್‌ಗಳಿಗಿಂತ ಟಚ್‌ಡೌನ್‌ಗಳೇ ಹೆಚ್ಚು. ಕಾರ್ಡಿನಲ್ಸ್ 51-45ರಿಂದ ಗೆದ್ದಿತು. ಆರು ದಿನಗಳ ಬಳಿಕ ನ್ಯೂ ಆರ್ಲಿಯನ್ಸ್‌ನಲ್ಲಿ ಬಿದ್ದ ಭೀಕರ ಏಟಿನಿಂದ ಅವರು ಮಧ್ಯದಲ್ಲಿ ಹೊರನಡೆಯಬೇಕಾಯಿತು, ಆದರೆ ಎರಡನೆಯಾರ್ಧಕ್ಕೆ ಮರಳಿ ಬಂದರು. ಅದೇ ತಿಂಗಳ ಕೊನೆಗೆ, ಒಪ್ಪಂದದಲ್ಲಿ ಇನ್ನೊಂದು ವರ್ಷ ಬಾಕಿಯಿರುವಾಗಲೇ, 38ರ ವಯಸ್ಸಿನಲ್ಲಿ ನಿವೃತ್ತಿ ಘೋಷಿಸಿದರು. 2017ರಲ್ಲಿ ಆ ಆಟದ ಮಹಾನ್ ಆಟಗಾರರಿಗೆ ಸಲ್ಲುವ ಹಾಲ್ ಆಫ್ ಫೇಮ್ ಗೌರವ ಬಂತು. ಅವರ ತೂಕ ಎಷ್ಟಿತ್ತೆಂಬುದು ಅರಿಜೋನಾದವರಿಗೆ ಅದಕ್ಕೂ ಮೊದಲೇ ತಿಳಿದಿತ್ತು: ಅವರಿದ್ದಾಗ ಹತ್ತು ಪಂದ್ಯ ಗೆದ್ದಿದ್ದ ತಂಡ, ಮರುವರ್ಷ ಹಲವು ಕ್ವಾರ್ಟರ್‌ಬ್ಯಾಕ್‌ಗಳನ್ನು ಬದಲಿಸಿ ನೋಡಿಯೂ ಐದೇ ಪಂದ್ಯ ಗೆದ್ದಿತು.