ಸಪ್ಪಳ ನಿಲ್ಲಿಸುವ ಕೆಲಸ

ಕಲಬುರಗಿಯಲ್ಲಿ ನಾವು ಏಳೆಂಟು ಜನ ಸೇರಿ ಆಡುವ ಆಶುನಾಟಕಕ್ಕೆ ಪಂಡಿತ ರಂಗಮಂದಿರದಷ್ಟು ದೊಡ್ಡ ವೇದಿಕೆ ಬೇಕಾಗುವುದಿಲ್ಲ. 60 ಜನ ಕೂರುವ ಶಾಲೆಯ ಸಭಾಂಗಣ, ಎರಡು ಸ್ಪೀಕರು, ಒಂದು ಸಣ್ಣ ಮಿಕ್ಸರು, ಕೊನೆಯ ಸಾಲಿನಲ್ಲಿ ನನ್ನ ಹಳೆಯ ಲ್ಯಾಪ್‌ಟಾಪು ಇದ್ದರೆ ಸಾಕು. ಪ್ರೇಕ್ಷಕರಲ್ಲೊಬ್ಬರು ಒಂದು ಪದವನ್ನು ಕೂಗಿ ಹೇಳುತ್ತಾರೆ, ಇಬ್ಬರು ನಟರು ಅದನ್ನು ಹಿಡಿದು ದೃಶ್ಯ ಆರಂಭಿಸುತ್ತಾರೆ. ಮುಂದೇನಾಗುವುದೆಂದು ಅವರಿಗೂ ಗೊತ್ತಿರುವುದಿಲ್ಲ, ಸಪ್ಪಳದ ಹೊಣೆ ಹೊತ್ತು ಹಿಂದೆ ಕುಳಿತ ನನಗೂ ಗೊತ್ತಿರುವುದಿಲ್ಲ. ಈ ಕೆಲಸಕ್ಕೆ ಯಾವ ತಂತ್ರಾಂಶ ಬಳಸುತ್ತೀರಿ ಎಂದು ಕೆಲವರು ಕೇಳಿದ್ದರಿಂದ ಎರಡು ವರ್ಷಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಬರೆದ ನಾಟಕಕ್ಕೆ ಧ್ವನಿ ಕೊಡುವವರ ಪಾಡು ಬೇರೆ. ಅವರು ನಾಟಕದ ಪ್ರತಿಯ ಅಂಚಿನಲ್ಲಿ ಗುರುತು ಹಾಕಿಕೊಂಡು, ಇಂಥ ಮಾತು ಮುಗಿದ ಕೂಡಲೇ ಗುಡುಗು, ಅದಾದ ಮೇಲೆ ಮಳೆ ಎಂದು ಕ್ಯೂಗಳ ಪಟ್ಟಿ ಮಾಡಿ, ಒಂದೇ ಗುಂಡಿಯನ್ನು ಒತ್ತುತ್ತ ಹೋಗುತ್ತಾರೆ. ರಂಗಭೂಮಿಯಲ್ಲಿ ಹೆಸರು ಮಾಡಿರುವ ಕ್ಯೂಲ್ಯಾಬ್ ಮೂಲತಃ ಇಂಥ ಪಟ್ಟಿಯ ತಂತ್ರಾಂಶ. ಅದರಲ್ಲೂ ಗುಂಡಿಗಳ ಹಾಸು ಮಾಡಿಕೊಳ್ಳಲು ಅವಕಾಶವಿದೆಯಾದರೂ ಅದು ಮ್ಯಾಕ್‌ನಲ್ಲಿ ಮಾತ್ರ ನಡೆಯುತ್ತದೆ, ನನ್ನಲ್ಲಿ ಮ್ಯಾಕ್ ಇಲ್ಲ, ಆದ್ದರಿಂದ ಆ ಮಾತು ಅಲ್ಲಿಗೇ ಮುಗಿಯಿತು. ಆಶುನಾಟಕಕ್ಕೆ ಬೇಕಾದದ್ದು ಸೌಂಡ್‌ಬೋರ್ಡ್, ಅಂದರೆ ಯಾವ ಕ್ಷಣದಲ್ಲಾದರೂ ಯಾವ ಸಪ್ಪಳವನ್ನಾದರೂ ಒಂದೇ ಒತ್ತಿಗೆ ಹೊರಡಿಸುವ ಫಲಕ. ಕೀಲಿಮಣೆಯ ಪ್ರತಿಯೊಂದು ಕೀಲಿಗೂ ಒಂದು ಸಪ್ಪಳ ಕಟ್ಟಿಕೊಡುವ ಸೌಂಡ್‌ಪ್ಲಾಂಟ್ ವಿಂಡೋಸ್ ಮತ್ತು ಮ್ಯಾಕ್ ಬಳಸುವವರಿಗೆ ಚೆನ್ನಾಗಿ ಒದಗುತ್ತದೆ. ನಾನು ಕೊನೆಗೆ ನೆಲೆ ನಿಂತದ್ದು ಲಿನಕ್ಸ್ ಶೋ ಪ್ಲೇಯರ್‌ನಲ್ಲಿ. ಅದು ಉಚಿತ, ಮುಕ್ತ ತಂತ್ರಾಂಶ, ಹಳೆಯ ಯಂತ್ರದಲ್ಲೂ ಓಡುತ್ತದೆ, ಮತ್ತು ಹೊಸ ಕಡತ ತೆರೆಯುವಾಗಲೇ ಪಟ್ಟಿ ಬೇಕೋ ಚೌಕಗಳ ಹಾಸು ಬೇಕೋ ಎಂದು ಕೇಳುತ್ತದೆ.

ಆಶುನಾಟಕದ ಇಂದಿನ ಪದ್ಧತಿಗೆ ಷಿಕಾಗೋದ ವಯೋಲಾ ಸ್ಪೋಲಿನ್ ರೂಪಿಸಿದ ರಂಗದ ಆಟಗಳನ್ನೂ, 1959ರಲ್ಲಿ ಅದೇ ಊರಿನಲ್ಲಿ ಶುರುವಾದ ಸೆಕೆಂಡ್ ಸಿಟಿ ಎಂಬ ಹಾಸ್ಯ ನಾಟಕ ತಂಡವನ್ನೂ ಮೂಲವೆಂದು ಹೇಳುತ್ತಾರೆ. ನಮ್ಮ ನಟರು ಆಡುವ ಆಟಗಳೂ ಆ ಕಡೆಯವೇ. ಧ್ವನಿಯ ಮಟ್ಟಿಗೆ ಮಾತ್ರ ನನ್ನ ಗುರು ನಮ್ಮೂರ ಜಾತ್ರೆಯ ನಾಟಕಗಳಲ್ಲಿ ರಿದಂ ಪ್ಯಾಡ್, ಅಂದರೆ ಕಡ್ಡಿಯಿಂದ ಬಡಿದರೆ ಬಗೆಬಗೆಯ ಸಪ್ಪಳ ಹೊರಡಿಸುವ ವಿದ್ಯುತ್ ವಾದ್ಯ, ಬಾರಿಸುತ್ತಿದ್ದ ಕಾಕಾ. ಪೇಟಿ ಮಾಸ್ತರರ ಮಗ್ಗುಲಲ್ಲಿ ಕುಳಿತು, ಖಳನಾಯಕ ಕೈ ಎತ್ತುವ ಮೊದಲೇ ಅವನ ಹೆಗಲು ಅಲುಗುವುದನ್ನು ನೋಡಿ, ಕೈ ಕೆನ್ನೆಗೆ ಬೀಳುವ ಹೊತ್ತಿಗೆ ಸರಿಯಾಗಿ ಏಟಿನ ಸಪ್ಪಳ ಕೊಡುತ್ತಿದ್ದರು. ಹಾಸ್ಯಪಾತ್ರದವನು ಪ್ರತಿಯಲ್ಲಿಲ್ಲದ ಮಾತು ಸೇರಿಸಿದರೂ ಅವರ ಕಡ್ಡಿ ತಡವರಿಸುತ್ತಿರಲಿಲ್ಲ. ಅವರ ಕಣ್ಣು ಪ್ಯಾಡಿನ ಮೇಲೆ ಇದ್ದುದನ್ನು ನಾನು ಒಮ್ಮೆಯೂ ಕಂಡಿಲ್ಲ. ತಂತ್ರಾಂಶವನ್ನು ಆರಿಸುವಾಗ ನಾನು ಹಾಕಿಕೊಂಡ ಮೊದಲ ಪರೀಕ್ಷೆ ಇದೇ: ಪರದೆ ನೋಡದೆ ಇದನ್ನು ನುಡಿಸಬಹುದೇ?

ಪರದೆ ನೋಡದೆ ನುಡಿಸಬೇಕಾದರೆ ಸಪ್ಪಳಗಳು ಕಡಿಮೆ ಇರಬೇಕು. ಮೊದಲ ಪ್ರದರ್ಶನಕ್ಕೆ 200ಕ್ಕೂ ಹೆಚ್ಚು ಸಪ್ಪಳ ತುಂಬಿಕೊಂಡು ಹೋಗಿದ್ದೆ. ಕುದುರೆಯ ಕೆನೆತ ಹುಡುಕಿ ಮುಗಿಸುವಷ್ಟರಲ್ಲಿ ಕುದುರೆ ಸತ್ತು, ಅದರ ಮಾಲೀಕನ ಮದುವೆ ನಡೆಯುತ್ತಿತ್ತು. ಈಗ 34 ಇವೆ. ಮೇಲಿನ ಸಾಲಿನಲ್ಲಿ ಮಳೆ, ಸಂತೆ, ರೈಲು ನಿಲ್ದಾಣದಂತಹ ಹಿನ್ನೆಲೆಗಳು, ನಡುವಿನ ಸಾಲಿನಲ್ಲಿ ಬಾಗಿಲು, ಫೋನು, ಏಟಿನಂತಹ ಒಂದೇ ಗಳಿಗೆಯ ಸಪ್ಪಳಗಳು, ಕೆಳಗಿನ ಸಾಲಿನಲ್ಲಿ ಸಂಗೀತ. ಎಲ್ಲಕ್ಕಿಂತ ಮುಖ್ಯವಾದದ್ದು ಸ್ಪೇಸ್‌ಬಾರ್. ಅದನ್ನು ಒತ್ತಿದರೆ ನುಡಿಯುತ್ತಿರುವುದೆಲ್ಲ 3 ಸೆಕೆಂಡುಗಳಲ್ಲಿ ಮೆಲ್ಲಗೆ ಇಳಿದು ಮುಗಿಯುತ್ತದೆ. ಎಸ್ಕೇಪ್ ಒತ್ತಿದರೆ ಕತ್ತರಿಸಿದಂತೆ ತಟ್ಟನೆ ನಿಲ್ಲುತ್ತದೆ. ಸಪ್ಪಳ ಯಾವಾಗ ಬಂತೆಂಬುದನ್ನು ಪ್ರೇಕ್ಷಕರು ಅಷ್ಟಾಗಿ ಗಮನಿಸುವುದಿಲ್ಲ, ಆದರೆ ನಟಿ ಮಾತಾಡಲು ಬಾಯಿ ತೆರೆದಾಗಲೂ ಮಳೆ ಸುರಿಯುತ್ತಲೇ ಇದ್ದರೆ ಎಲ್ಲರೂ ತಿರುಗಿ ನನ್ನ ಕಡೆ ನೋಡುತ್ತಾರೆ. ಹಾಗಾಗಿ ಯಾವ ಸೌಂಡ್‌ಬೋರ್ಡ್ ಆದರೂ ಸರಿ, ನಿಲ್ಲಿಸುವ ಈ ಎರಡು ಬಗೆಗಳನ್ನು ಎರಡು ಬೇರೆ ಕೀಲಿಗಳಲ್ಲಿ ಕೊಡದಿದ್ದರೆ ನಾನು ಅದನ್ನು ಮುಟ್ಟುವುದಿಲ್ಲ.

ಕೀಲಿಗಳ ವಿಷಯದಲ್ಲಿ ಒಂದು ಪೇಚಾಟವನ್ನೂ ಹೇಳಿಬಿಡುತ್ತೇನೆ. ಹಿಂದೆ ಬೇರೆ ಕಂಪ್ಯೂಟರು ಬಳಸುತ್ತಿದ್ದಾಗ, ಅಗಲವಾಗಿದೆ, ಬೆರಳಿಗೆ ಸುಲಭವಾಗಿ ಸಿಗುತ್ತದೆ ಎಂದು ಶಿಫ್ಟ್ ಕೀಲಿಗೆ ಹಲಗಿಯ ಪೆಟ್ಟನ್ನು ಕಟ್ಟಿದ್ದೆ. ಮೆರವಣಿಗೆಯ ದೃಶ್ಯದಲ್ಲಿ ಐದು ಪೆಟ್ಟು ಹಾಕಿದೆನೋ ಇಲ್ಲವೋ, ಕಂಪ್ಯೂಟರು ಕೀಚು ದನಿಯೊಂದನ್ನು ಹೊರಡಿಸಿ ಸ್ಟಿಕ್ಕಿ ಕೀಸ್ (ಶಿಫ್ಟ್‌ನಂಥ ಕೀಲಿಗಳನ್ನು ಒತ್ತಿ ಹಿಡಿಯದೆಯೇ ಬಳಸಲು ಇರುವ ಸೌಲಭ್ಯ) ಬೇಕೇ ಎಂದು ಕೇಳುವ ಕಿಟಕಿಯನ್ನು ಎದುರಿಗೆ ತಂದಿಟ್ಟಿತು, ಅದನ್ನು ಮುಚ್ಚುವವರೆಗೆ ಉಳಿದ ಯಾವ ಕೀಲಿಯೂ ಕೆಲಸ ಮಾಡಲಿಲ್ಲ. ಶಿಫ್ಟನ್ನು ಸತತವಾಗಿ ಐದು ಬಾರಿ ಒತ್ತಿದರೆ ಹಾಗಾಗುವುದು ವ್ಯವಸ್ಥೆಯ ಸಹಜ ನಡವಳಿಕೆಯೆಂದು ಆಮೇಲೆ ತಿಳಿಯಿತು. ಈಗ ಪ್ರದರ್ಶನಕ್ಕೆ ಮೊದಲು ಅದನ್ನೂ, ಎಲ್ಲ ಸೂಚನೆಗಳ ದನಿಯನ್ನೂ, ವೈಫೈಯನ್ನೂ ಬಂದ್ ಮಾಡುತ್ತೇನೆ.

ಇನ್ನು ಕೀಲಿ ಒತ್ತುವುದಕ್ಕೂ ಸಪ್ಪಳ ಕೇಳುವುದಕ್ಕೂ ನಡುವಿನ ತಡದ ಮಾತು. ಎಂಪಿ3 ಕಡತದ ಆರಂಭದಲ್ಲಿ, ಸಂಕುಚಿಸುವ ಕ್ರಮದ ಫಲವಾಗಿ, ಒಂದು ಸಣ್ಣ ಮೌನ ಸೇರಿಕೊಳ್ಳುತ್ತದೆ. ಹಾಡಿಗೆ ಅದು ತೊಂದರೆಯಲ್ಲ, ಕಪಾಳಮೋಕ್ಷಕ್ಕೆ ತೊಂದರೆ. ಆದ್ದರಿಂದ ಏಟು, ಬಡಿತ, ಗಂಟೆಗಳನ್ನು ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ತೆರೆದು, ಸಪ್ಪಳ ಹುಟ್ಟುವ ಬಿಂದುವಿನವರೆಗೆ ಕತ್ತರಿಸಿ, ವೇವ್ ಕಡತವಾಗಿ ಉಳಿಸುತ್ತೇನೆ. ಸೆಕೆಂಡಿಗೆ 44,100 ಮಾದರಿಗಳ ಧ್ವನಿಗೆ 512 ಮಾದರಿಗಳ ಬಫರ್ (ಹೊರಬಿಡುವ ಮೊದಲು ಕಂಪ್ಯೂಟರು ಕೂಡಿಟ್ಟುಕೊಳ್ಳುವ ಧ್ವನಿಯ ತುಣುಕು) ಇಟ್ಟರೆ ತಗಲುವ ತಡ ಸುಮಾರು 12 ಮಿಲಿಸೆಕೆಂಡು, ಅದು ಯಾರ ಕಿವಿಗೂ ಬೀಳುವುದಿಲ್ಲ. ಆದರೆ ತಂತಿಯ ಗೋಜೇಕೆ ಎಂದು ಬ್ಲೂಟೂತ್ ಸ್ಪೀಕರು ತಂದರೆ ಅದು 100ರಿಂದ 200 ಮಿಲಿಸೆಕೆಂಡು ತಡಮಾಡುವುದುಂಟು, ಏಟು ತಿಂದವನು ಮೊದಲು ಬಿದ್ದು ಆಮೇಲೆ ಸಪ್ಪಳ ಬರುತ್ತದೆ. ತಂತಿ ಎಳೆಯಿರಿ. ತಂತಿ ಎಳೆದ ಮೇಲೆ ಸ್ಪೀಕರಿನಲ್ಲಿ ಗುಂಯ್ ಎನ್ನುವ ದನಿ ಬಂದರೆ ಲ್ಯಾಪ್‌ಟಾಪಿನ ಚಾರ್ಜರನ್ನು ಒಮ್ಮೆ ಕಿತ್ತು ನೋಡಿ. ದನಿ ನಿಂತರೆ ಲ್ಯಾಪ್‌ಟಾಪಿಗೂ ಮಿಕ್ಸರಿಗೂ ನಡುವೆ ಒಂದು ಡಿಐ ಬಾಕ್ಸ್, ಅಂದರೆ ಇಂಥ ಗುಂಯ್‌ಗುಟ್ಟುವಿಕೆಯನ್ನು ತಡೆಯುವ ಸಣ್ಣ ಪೆಟ್ಟಿಗೆ, ಬೇಕು.

ಯಾವ ಸಪ್ಪಳ ಎಷ್ಟು ಜೋರಾಗಿರಬೇಕೆಂಬ ಮಟ್ಟದ ಹೊಂದಾಣಿಕೆಯನ್ನು ಮನೆಯಲ್ಲಿ ಎಷ್ಟೇ ಮಾಡಿಕೊಂಡರೂ ನಮ್ಮಲ್ಲಿ ಏಪ್ರಿಲ್ ಬಂತೆಂದರೆ ಅದು ಕೆಡುತ್ತದೆ. 42 ಡಿಗ್ರಿಯ ದಿನ ಸಭಾಂಗಣದಲ್ಲಿ ನಾಲ್ಕು ಕೂಲರು ಓಡುತ್ತಿರುತ್ತವೆ, ಆ ಭೋರ್ಗರೆತದಲ್ಲಿ ಜೀರುಂಡೆಯ ದನಿಯೂ ಇಲ್ಲ, ದೂರದ ನಾಯಿಯೂ ಇಲ್ಲ. ಕೂಲರು ಹಾಕಿಸಿಯೇ ಮಟ್ಟ ನೋಡಬೇಕು, ಮೆಲುದನಿಯ ಹಿನ್ನೆಲೆಗಳನ್ನು ಬೇಸಿಗೆಗೆ ಮರೆತುಬಿಡಬೇಕು.

ಸಪ್ಪಳಗಳನ್ನು ಮೊದಮೊದಲು ಫ್ರೀಸೌಂಡ್‌ನಿಂದ ಇಳಿಸಿಕೊಂಡೆ. ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಆರಂಭಿಸಿದ ಈ ಭಂಡಾರದಲ್ಲಿ ಗುಡುಗು, ಗಾಜು, ಗಾಳಿಗೆ ಕೊರತೆಯಿಲ್ಲ. ಪ್ರತಿ ಕಡತದ ಪರವಾನಗಿ ನೋಡಿ, ಹೆಸರು ಹೇಳಬೇಕಾದಲ್ಲಿ ಹೇಳಿ ಬಳಸಬಹುದು. ಆದರೆ ಅಲ್ಲಿ ಸಿಕ್ಕ ಬಾಗಿಲು ನಮ್ಮ ಬಾಗಿಲಲ್ಲ, ನಮ್ಮ ಬಾಗಿಲಿಗೆ ಚಿಲಕವಿದೆ. ಹೀಗಾಗಿ ಫೋನು ಹಿಡಿದು ಮನೆಯಲ್ಲೇ ಧ್ವನಿ ಹಿಡಿಯತೊಡಗಿದೆ. ಅವ್ವ ಜೋಳದ ರೊಟ್ಟಿ ಬಡಿಯುವಾಗ ಹತ್ತಿರ ಕುಳಿತಿದ್ದಕ್ಕೆ, "ಇದನ್ನೇನ್ ಕೇಳ್ತಾರೋ ಜನಾ, ಮನ್ಯಾಗ ದಿನಾ ಕೇಳ್ತಾರಲ್ಲ" ಎಂದಳು.

ಆ ರೊಟ್ಟಿಯ ಬಡಿತವನ್ನು ನಿಲ್ಲದೆ ಸುತ್ತುವ ಹಿನ್ನೆಲೆಯಾಗಿ ಇಡದೆ, ಒಂದೊಂದೇ ಬಡಿತವಾಗಿ ಕತ್ತರಿಸಿ ಮೂರು ಕೀಲಿಗಳಿಗೆ ಕಟ್ಟಿದ್ದು ನಾನು ಮಾಡಿದ ಜಾಣತನಗಳಲ್ಲಿ ಒಂದು. ಗಂಡ ತಡವಾಗಿ ಮನೆಗೆ ಬರುವ ದೃಶ್ಯವೊಂದರಲ್ಲಿ ನಮ್ಮ ನಟಿ ಮಾತಾಡದೆ ನೆಲಕ್ಕೆ ಕುಳಿತು ಬಡಿಯುವಂತೆ ಕೈ ಆಡಿಸಿದರು, ನಾನು ಬೆರಳು ಇಟ್ಟೆ. ಗಂಡನ ಒಂದೊಂದು ಸುಳ್ಳಿಗೂ ಅವರ ಕೈ ಬಿರುಸಾಗುತ್ತ ಹೋಯಿತು, ನನ್ನ ಬೆರಳೂ ಬಿರುಸಾಯಿತು. ಸಿದ್ಧ ಹಿನ್ನೆಲೆಯಾಗಿದ್ದರೆ ಅದು ತನ್ನ ಪಾಡಿಗೆ ಒಂದೇ ಲಯದಲ್ಲಿ ಹೋಗುತ್ತಿತ್ತು. ಅವರು ತಟ್ಟನೆ ಕೈ ನಿಲ್ಲಿಸಿದಾಗ ಮಾತ್ರ ನನಗೆ ನಿಲ್ಲಲಾಗಲಿಲ್ಲ, ಒಂದು ಬಡಿತ ಹೆಚ್ಚಾಗಿ ಕೇಳಿಸಿತು. ಸಭೆ ನಗತೊಡಗಿತು. ಆಕೆ ಗೋಡೆಯ ಕಡೆಗೆ ಕಿವಿಗೊಟ್ಟು, "ಬಾಜೂ ಮನಿಯಾಕಿ ಗಂಡನೂ ಈಗ ಬಂದಾನಂತ ಕಾಣ್ತದ" ಎಂದರು. ಅಲ್ಲಿಂದ ದೃಶ್ಯ ಮುಗಿಯುವವರೆಗೆ ಬಾಜೂ ಮನೆಯಾಕೆಯ ಪಾತ್ರವನ್ನು ನಾನು ಮೂರು ಕೀಲಿಗಳಲ್ಲಿ ಮಾಡಿದೆ.

ಪ್ಯಾಡಿನ ಕಾಕಾ ಹೋದ ತಿಂಗಳು ನಮ್ಮ ಪ್ರದರ್ಶನಕ್ಕೆ ಬಂದು ನನ್ನ ಪಕ್ಕದಲ್ಲೇ ಕುಳಿತಿದ್ದರು. ಮುಗಿದ ಮೇಲೆ ಲ್ಯಾಪ್‌ಟಾಪಿನ ಕೆಳಗೆ ಬಗ್ಗಿ ನೋಡಿ, "ಎಲ್ಲಾ ಕೈಲೇ ಮಾಡ್ತೀಯಲ್ಲೋ, ಕಾಲು ಖಾಲಿ ಕುಂತಾವ" ಎಂದರು. ಯುಎಸ್‌ಬಿಗೆ ಸಿಕ್ಕಿಸುವ ಕಾಲ್ಪೆಡಲುಗಳು ಸಿಗುತ್ತವೆ, ಕಂಪ್ಯೂಟರಿಗೆ ಅವು ಕೀಲಿಮಣೆಯ ಒಂದು ಕೀಲಿಯಂತೆಯೇ ಕಾಣುತ್ತವೆ. ತರಿಸಿಕೊಂಡೆ. ಈಗ ಮೆಲ್ಲಗೆ ಇಳಿಸುವ ಕೆಲಸವನ್ನು ಸ್ಪೇಸ್‌ಬಾರಿನಿಂದ ಬಿಡಿಸಿ ಬಲಗಾಲಿಗೆ ಒಪ್ಪಿಸಿದ್ದೇನೆ. ಚಪ್ಪಲಿ ಬಿಟ್ಟು ಕೂರಬೇಕು, ಇಲ್ಲದಿದ್ದರೆ ಪೆಡಲು ಟಕ್ಕೆಂದು ಸದ್ದು ಮಾಡುತ್ತದೆ.